ಅಣ್ಣನಿಲ್ಲದ ನೆನಪು

ನೆನಪು ತಿದ್ದುವ ನಮ್ಮ ಅಂಗಡಿಗೆ ಬರುವವರು ಹೆಚ್ಚಾಗಿ ತಮ್ಮ ಮುಖಕ್ಕೆ ಹೊಳಪು ಕೇಳುತ್ತಾರೆ. ಈರಭದ್ರಪ್ಪನವರು ಅಣ್ಣನನ್ನೇ ತೆಗೆಸಲು ಬಂದಿದ್ದರು. ಕಾಂಪೌಂಡ್ ಗೋಡೆಯ ಜಗಳವಂತೆ. ಶರ್ಟಿನ ಅಳತೆ ಕೊಡುವವರ ಹಾಗೆ ಹೇಳಿದರು.

ತಲೆಗೆ ತಂತಿ ಸಿಕ್ಕಿಸಿ, ಅವರ ಅವ್ವ ತೀರಿಕೊಂಡ ದಿನವನ್ನು ಪರದೆಗೆ ತಂದೆ. ಅವ್ವನ ತಲೆ ಅಣ್ಣನ ತೊಡೆಯ ಮೇಲಿತ್ತು.

"ಸಾರ್, ಇವರನ್ನ ಅಳಿಸಿದ್ರೆ ಅವ್ವನ ತಲೆಗೆ ಆಸರೆ ಇರಲ್ಲ. ಹಳೇ ನೆನಪು ವಾಪಸ್ ಸಿಗಲ್ಲ."

"ಹೇಳಿದಷ್ಟು ಮಾಡಮ್ಮ. ಸಂಜೆ ಕ್ಲಾಸಲ್ಲಿ ಕಲಿತವರ ಹಣೆಬರಹವೇ ಇಷ್ಟು, ಕೈಗಿಂತ ಬಾಯಿ ಜಾಸ್ತಿ," ಎಂದರು, ಗೋಡೆಯ ಮೇಲಿದ್ದ ನನ್ನ ಸಂಜೆ ಕ್ಲಾಸಿನ ಸರ್ಟಿಫಿಕೇಟು ನೋಡಿ.

ನೆನಪು ತಿದ್ದುವ ಫಿಲ್ಟರುಗಳು ನಾವು ಬರೆದ ಕ್ರಮದಲ್ಲೇ ಒಂದಾದ ಮೇಲೊಂದು ಓಡುತ್ತವೆ. ಕ್ರಮ ತಪ್ಪಿದರೆ ಅವ್ವನೂ ಅಳಿಸಿಹೋದಾಳು. ಮೊದಲು ಮಸುಕು ತೆಗೆಯುವುದು, ಆಮೇಲೆ ಅಣ್ಣನನ್ನು ಅಳಿಸುವುದು, ಕೊನೆಗೆ ಬೆಳಕು ಹೆಚ್ಚಿಸುವುದು ಎಂದು ಒಂದೇ ಸಾಲಿನಲ್ಲಿ ಟೈಪ್ ಮಾಡಿದೆ. ನಡುವಿನ ಅಲ್ಪವಿರಾಮಗಳನ್ನು ಮತ್ತೆ ಮತ್ತೆ ನೋಡಿ ಎಂಟರ್ ಒತ್ತಿದೆ.

ಕಣ್ಣು ಬಿಟ್ಟ ಈರಭದ್ರಪ್ಪನವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು.

"ನಮ್ಮವ್ವ ಸಾಯೋವಾಗ ಹತ್ರ ಯಾರೂ ಇರಲಿಲ್ಲ ಕಣಮ್ಮ."

"ನೀವಿದ್ರಲ್ಲ ಸಾರ್," ಎಂದೆ.

"ನಾನು ಬಾಗಿಲಲ್ಲಿ ನಿಂತಿದ್ದೆ," ಎಂದರು.