ಕೊಕ್ಕರೆಯ ಎರಡನೇ ಕಾಲು

ಕೇಕು ಒಯ್ಯಲು ಬಂದು ಡಬ್ಬದ ಮುಚ್ಚಳ ಎತ್ತಿದ ಸಾರ್ಜೆಂಟ್ ಮುಗಿಶಾನ ನಗು ಅರ್ಧಕ್ಕೇ ನಿಂತಿತು. ಒಲಿಂಡಾ ತಾನೂ ಡಬ್ಬದೊಳಕ್ಕೆ ಇಣುಕಿದಳು. ಕುವೈತಿನ ಮೈದಾನ್ ಹವಲ್ಲಿಯ ಅವಳ ಅಡುಗೆಮನೆಯಿಂದ ಮಂಗಳೂರಿನವರಲ್ಲದವರಿಗೆ ಹೊರಡಲಿದ್ದ ಮೊದಲ ಕೇಕು ಅದು. ಇದೂ ಕೆಟ್ಟರೆ ಓವನ್ ಮಾರಿಬಿಡುವುದೇ ಸೈ ಎಂದು ಗಂಡ ಫ್ರೆಡ್ರಿಕ್ ಬೆಳಿಗ್ಗೆಯೇ ಹೇಳಿಯಾಗಿತ್ತು.

ಮುಗಿಶಾ ಉಗಾಂಡದ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಇಲ್ಲಿ ಒಂದು ಮಾಲ್‌ನ ಬಾಗಿಲು ಕಾಯುವವನು. ಅಂದು ಅವರ ಸೇನಾ ದಿನ. ಮಂಗಫ್‌ನ ರೂಮಿನಲ್ಲಿ ಅವನಂಥವರೇ ಮೂವತ್ತು ಮಂದಿ ಕಾವಲುಗಾರರು ಕೇಕಿಗಾಗಿ ಕಾಯುತ್ತಿದ್ದರು. ಕೇಕಿನ ಮೇಲೆ ಉಗಾಂಡದ ಕಪ್ಪು, ಹಳದಿ, ಕೆಂಪು ಪಟ್ಟೆಗಳ ಬಾವುಟ, ನಟ್ಟನಡುವೆ ಸಕ್ಕರೆಯ ಜುಟ್ಟು ಕೊಕ್ಕರೆ. ಒಲಿಂಡಾ ಎರಡು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದಳು.

"ಮೇಡಂ, ಈ ಕಾಲು?" ಮುಗಿಶಾ ತನ್ನ ಇಂಗ್ಲಿಷಿನಲ್ಲಿ ಕೇಳಿದ.

"ನೀವು ಕೊಟ್ಟ ಫೋಟೋದಲ್ಲಿ ಒಂದು ಕಾಲು ಮೇಲೆ ಇತ್ತಲ್ಲ ಸರ್. ಹಬ್ಬದ ದಿವಸ ಕುಂಟ ಹಕ್ಕಿ ಯಾಕೆ ಅಂತ ನಾನೇ ಕೆಳಗೆ ಇಟ್ಟೆ."

"ಕುಂಟ ಅಲ್ಲ ಮೇಡಂ, ಅದು ಹೆಜ್ಜೆ ಇಡ್ತಾ ಉಂಟು! ದೇಶ ಮುಂದೆ ಹೋಗ್ತಾ ಉಂಟು ಅಂತ ಅರ್ಥ. ನೀವು ಇಡೀ ದೇಶವನ್ನೇ ನಿಲ್ಲಿಸಿಬಿಟ್ರಿ!"

ಫ್ರೆಡ್ರಿಕ್ ತಡೆಯಲಾರದೆ ಕಿಸಕ್ಕೆಂದ. "ಒಂದು ಸೈನ್ಯವನ್ನೇ ನಿಲ್ಲಿಸಿದಿಯಲ್ಲ ಮಾರಾಯ್ತಿ, ಅದೂ ಅರ್ಧ ಕಿಲೋ ಸಕ್ಕರೆಯಲ್ಲಿ!"

ಒಲಿಂಡಾಳಿಗೆ ಮೈಯೆಲ್ಲ ಉರಿಯಿತು. ಚಾಕು ತೆಗೆದುಕೊಂಡವಳೇ ಆ ಕಾಲನ್ನು ಮಂಡಿಯ ಹತ್ತಿರ ಪಟ್ಟೆಂದು ಮುರಿದಳು. ಮುರಿದ ತುಂಡನ್ನು ಓರೆಯಾಗಿಸಿ, ಕ್ರೀಮು ಮೆತ್ತಿ, ಮೇಲಕ್ಕೆತ್ತಿ ಅಂಟಿಸಿದಳು. ಕೊಕ್ಕರೆ ಹೊರಟೇಬಿಟ್ಟಿತು!

ಮುಗಿಶಾ ನೆಲ ನಡುಗುವಂತೆ ಕಾಲು ಬಡಿದು ಸೆಲ್ಯೂಟ್ ಹೊಡೆದ. ಅದು ಕೇಕಿಗೋ ತನಗೋ ತಿಳಿಯದೆ ಒಲಿಂಡಾಳೂ ಹೊಡೆದಳು. ಹಣೆಯ ತುಂಬ ಕ್ರೀಮು. ಓವನ್ ಬಚಾವಾಯಿತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು, ಎದುರು ಮನೆಯವರು ಬಾಗಿಲು ತೆರೆದು ಇಣುಕಿದರು.

"ಅಲ್ಲ ಭಾಯಿ, ಒಂದು ಕಾಲಿಗೆ ಇಷ್ಟೆಲ್ಲ ಎಂಥಕ್ಕೆ? ಕತ್ತರಿಸಿ ತಿಂದ ಮೇಲೆ ಎಲ್ಲ ಒಂದೇ ಅಲ್ವಾ?" ಕಣ್ಣೊರೆಸಿಕೊಳ್ಳುತ್ತ ಫ್ರೆಡ್ರಿಕ್ ಕೇಳಿದ.

ಮುಗಿಶಾ ನಗುತ್ತಲೇ ಡಬ್ಬವನ್ನು ಜೋಪಾನವಾಗಿ ಎತ್ತಿಕೊಂಡ.

"ನಾವು ಅಷ್ಟೂ ಜನ ದಿನಕ್ಕೆ ಹನ್ನೆರಡು ಗಂಟೆ ನಿಂತಲ್ಲೇ ನಿಂತಿರ್ತೇವೆ ಸರ್. ಅದಾದರೂ ನಡೀಲಿ."