ಮೇಜಿನ ಒಂದು ಮೂಲೆ

ಗಂಡ ಮುರಳೀಧರನ ಅಂತ್ಯಕ್ರಿಯೆಗೆ ಬಂದವರೆಲ್ಲ ಹ್ಯೂಸ್ಟನ್ನಿಗೆ ಮರಳಿದ ಮೇಲಿನ ಮೊದಲ ಬೆಳಗ್ಗೆ, ಅಹಲ್ಯಾ ಅವನ ಅಪೂರ್ಣ ಪ್ರಬಂಧವನ್ನು ಟೈಪ್ ಮಾಡಲು ಕುಳಿತಳು. ಈಜಿಪ್ಟಿನ ಪದವೀಧರರಿಗೆ ಕೆಲಸವೇಕಿಲ್ಲ ಎಂಬುದು ಮುರಳೀಧರನ ವಿಷಯ. ಪದವಿ ಪಡೆದವರಿಗೆಲ್ಲ ನೌಕರಿ ಕೊಡುವುದಾಗಿ ಅಲ್ಲಿನ ಸರ್ಕಾರ ಮಾತು ಕೊಟ್ಟಿತ್ತು. ಆ ಸರದಿ ತಪ್ಪೀತೆಂದು ಹುಡುಗರು ಬೇರೆ ಕೆಲಸ ಹಿಡಿಯದೆ ವರ್ಷಗಟ್ಟಲೆ ಕಾಯುತ್ತಿದ್ದರು. ಹಾಳೆಗಳ ನಡುವೆ ಮೊಹರು ಒತ್ತಿದ ಅರಬ್ಬೀ ಪತ್ರವೊಂದು ಸಿಕ್ಕಿತು. ಅದರ ಮೇಲಿನ ಚೀಟಿಯಲ್ಲಿ ಮುರಳೀಧರನ ಕೈಬರಹವಿತ್ತು: “ರಿಫಾತನ ನೇಮಕಾತಿ ಪತ್ರ. ನಕಲು ಮಾಡಿಕೊಂಡು ವಾಪಸ್ ಕೊಡಬೇಕು. ಒಪ್ಪಿಗೆ ಕಳಿಸಲು ಕೊನೆಯ ದಿನ ಜೂನ್ 20.”

ಇವತ್ತು ಎಷ್ಟನೆಯ ತಾರೀಖು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಪತ್ರ ಹಿಡಿದೇ ಬಾಗಿಲು ತೆರೆದು, ಮೆಟ್ಟಿಲ ಮೇಲೆ ಬಿದ್ದಿದ್ದ ಆಸ್ಟಿನ್ ಪತ್ರಿಕೆಯನ್ನು ಎತ್ತಿ ನೋಡಿದಳು. ಜೂನ್ 14. ಸದ್ಯ, ಇನ್ನೂ ಆರು ದಿನವಿತ್ತು. ಅವಳು ಬಾಗಿಲಿಗೆ ಒರಗಿ ಚೀಟಿಯನ್ನು ಇನ್ನೊಮ್ಮೆ ಓದಿದಳು.

ಎದುರು ಮನೆಯ ಈಜಿಪ್ಟಿನ ಹುಡುಗ ರಿಫಾತ್ ದಿನದಂತೆ ಅವಳಿಗೆ ಹಾಲು ತರುತ್ತಿದ್ದ. ಪತ್ರ ಕಂಡವನೇ ಅಂಗಳದಲ್ಲೇ ನಿಂತುಬಿಟ್ಟ.

“ನಾಲ್ಕು ವರ್ಷ ಕಾದಿದ್ರಿ. ಪತ್ರ ವಾಪಸ್ ಕೊಡಿ ಅಂತ ಒಂದು ಮಾತು ಕೇಳಬಾರದಾಗಿತ್ತಾ?” ಎಂದಳು ಅಹಲ್ಯಾ.

“ಇಂಥ ಹೊತ್ತಲ್ಲಿ ಹೇಗೆ ಕೇಳಲಿ, ಸಿಸ್ಟರ್?”

“ಅವರಿದ್ದಿದ್ರೆ ಬೈತಿದ್ರು. ಅಲ್ಲಿಗೆ ಹೋಗಿ ಏನು ಕೆಲಸ ಮಾಡ್ತೀರಿ?”

“ಕೆಲಸ ಎಲ್ಲಿದೆ? ನಾಲ್ಕು ಜನಕ್ಕೆ ಒಂದು ಮೇಜಂತೆ. ಅದರಲ್ಲಿ ಒಂದು ಮೂಲೆ ನನ್ನದು. ಅಮ್ಮ ಆಗಲೇ ಬೀದಿಗೆಲ್ಲ ಸಿಹಿ ಹಂಚಿದಾಳೆ.”

ಅಹಲ್ಯಾಗೆ ನಗು ಬಂತು. ಬಂದದ್ದು ಅವಳಿಗೇ ಆಶ್ಚರ್ಯ. ಹಾಲನ್ನು ಈಸಿಕೊಂಡು, ಪತ್ರವನ್ನು ಅವನ ಕೈಗಿತ್ತಳು.