ಗೊರಕೆಗೆ ಸಾಕ್ಷಿ

"ತಾನು ಗೊರಕೆ ಹೊಡೆಯೋದೇ ಇಲ್ಲ ಅಂತಾರಮ್ಮ ಇವರು. ವಿಡಿಯೊ ಮಾಡಿ ತೋರಿಸದೆ ನಾನು ಬಿಡೋಳಲ್ಲ," ಎಂದರು ಅಜ್ಜಿ.

ಕ್ಯಾಮೆರಾ ಅಂಗಡಿಯ ಹುಡುಗಿ ನಗು ನುಂಗಿಕೊಂಡು ಇಬ್ಬರಿಗೂ ಸ್ಟೂಲು ಹಾಕಿದಳು. "ಮೊಬೈಲಲ್ಲೇ ಮಾಡಬಹುದಲ್ಲ ಅಜ್ಜಿ?"

"ಮಾಡಿದ್ದೆ. ಕತ್ತಲಲ್ಲಿ ಮುಖವೇ ಕಾಣಲಿಲ್ಲ. ಗೊರಕೆ ನಂದಲ್ಲ, ನಿಂದೇ ಅಂದುಬಿಟ್ಟರು!"

"ಹಾಗಾದ್ರೆ ಇದು ನೋಡಿ. ಡಿಎಸ್‌ಎಲ್‌ಆರ್‌ಗಳಲ್ಲೇ ಅಗ್ಗದ್ದು. ರಾತ್ರಿ ದೀಪದ ಬೆಳಕಲ್ಲೂ ಮುಖ ಚೆನ್ನಾಗಿ ಬರುತ್ತೆ."

ಅಜ್ಜ ಬೀದಿಯ ಕಡೆಗೆ ತಿರುಗಿ ಕುಳಿತರು. "ದುಡ್ಡು ದಂಡ ಕಣೆ. ಏಳು, ಮನೆಗೆ ಹೋಗೋಣ."

ಅಜ್ಜಿ ಕೇಳಿಸಿಕೊಳ್ಳಲೇ ಇಲ್ಲ. ಕ್ಯಾಮೆರಾವನ್ನು ಮಗುವಿನ ಹಾಗೆ ಎತ್ತಿಕೊಂಡರು.

ಹುಡುಗಿಗೆ ಮನಸ್ಸು ತಡೆಯಲಿಲ್ಲ. "ಇದರಲ್ಲಿ ಒಂದು ಕೊರತೆ ಇದೆ ಅಜ್ಜಿ, ಮುಚ್ಚಿಡಲ್ಲ. ವಿಡಿಯೊ ಮಾಡುವಾಗ ಲೆನ್ಸಿನ ಮೋಟರು ಗೊರ್ರ್ ಅನ್ನುತ್ತೆ. ಆ ಸದ್ದೂ ರೆಕಾರ್ಡ್ ಆಗಿಬಿಡುತ್ತೆ. ಸದ್ದು ಮಾಡದ್ದು ಬೇಕು ಅಂದ್ರೆ ತುಂಬಾ ದುಬಾರಿ."

"ಅಯ್ಯೋ, ಹಾಗಾದ್ರೆ ಬೇಡಮ್ಮ." ಅಜ್ಜಿ ಕ್ಯಾಮೆರಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

ಅಜ್ಜ ಎದ್ದು ಬಂದು ಜೇಬಿನಿಂದ ಪರ್ಸು ತೆಗೆದರು. "ಇದನ್ನೇ ಕಟ್ಟಿಕೊಡಮ್ಮ. ಪಾಪ, ಅಷ್ಟು ಆಸೆಪಟ್ಟಿದ್ದಾಳೆ."